ಹತ್ತು ವರ್ಷದ ಅವಕಾಶ, ಐದು ವರ್ಷದ ಹಣ

ಪಿಎಚ್.ಡಿ.ಗೆ ಸೇರಲು ಬರುವ ಹೆಣ್ಣುಮಕ್ಕಳ ಜೊತೆಗೆ ಬಂದ ತಂದೆಯೋ ಅತ್ತೆಯೋ ಮೊದಲು ಕೇಳುವುದು ಸಂಶೋಧನೆಯ ವಿಷಯವನ್ನಲ್ಲ. ‘ನಡುವೆ ಮದುವೆಯಾದರೆ, ಮಗುವಾದರೆ ಹೇಗೆ?’ ಎಂದು. ನಿಯಮ ಬಲ್ಲ ಕಚೇರಿಯ ಸಿಬ್ಬಂದಿ ಥಟ್ಟನೆ ಹೇಳುತ್ತಾರೆ: ‘ಹೆಂಗಸರಿಗೆ ಹತ್ತು ವರ್ಷದ ಅವಕಾಶವಿದೆ, ಚಿಂತೆ ಬೇಡ.’ ಮಾರ್ಗದರ್ಶಕಿಯಾದ ನನಗೆ ಚಿಂತೆ ಶುರುವಾಗುವುದೇ ಆ ಉತ್ತರದಿಂದ.

ಉತ್ತರದಲ್ಲಿ ಸುಳ್ಳಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು. ಅಲ್ಲಿಗೆ ಹತ್ತು ತುಂಬಿತು. ಆದರೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗುವುದು ಎರಡು ವರ್ಷ, ಅದರ ನಂತರದ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಮೂರು ವರ್ಷ. 2023ರ ಜನವರಿಯಿಂದ ಮೊದಲಿನದು ತಿಂಗಳಿಗೆ 37,000, ನಂತರದ್ದು 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಐದು ವರ್ಷ ಮುಗಿದ ತಿಂಗಳೇ ಹಣ ನಿಲ್ಲುತ್ತದೆ. ಆರನೇ ವರ್ಷದಿಂದ ಹತ್ತನೇ ವರ್ಷದವರೆಗಿನ ‘ಸೌಲಭ್ಯ’ವನ್ನು ಆಕೆ ಅನುಭವಿಸುವುದು ಗಂಡನ ಸಂಬಳದಲ್ಲೋ ಅತಿಥಿ ಉಪನ್ಯಾಸಕಿಯ ಗೌರವಧನದಲ್ಲೋ. ಜೆಆರ್‌ಎಫ್ ಇಲ್ಲದೆ ಸೇರಿದವರಿಗಂತೂ ಮೊದಲ ದಿನದಿಂದಲೇ ಈ ಪರದಾಟ. ಆದ್ದರಿಂದ ನನ್ನ ಮಟ್ಟಿಗೆ ಬೆಂಬಲವೆಂದರೆ ಆ ಹೆಚ್ಚುವರಿ ವರ್ಷಗಳನ್ನು ಆಕೆಗೆ ಕೊಡಿಸುವುದಲ್ಲ, ಅವು ಬೇಕಾಗದಂತೆ ಕೆಲಸ ಮುಗಿಸಿಕೊಡುವುದು.

ಅದಕ್ಕೆ ಮೊದಲು ಬೇಕಾದದ್ದು ಕಾಗದಪತ್ರದ ಶಿಸ್ತು. ಹೆರಿಗೆ ಮತ್ತು ಶಿಶುಪಾಲನೆಗೆಂದು ಇಡೀ ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಲು ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. ಆದರೂ ನಮ್ಮ ಹುಡುಗಿಯರು ಅರ್ಜಿ ಕೊಡುವುದಿಲ್ಲ. ‘ಮೇಡಂ, ಊರಿಗೆ ಹೋಗಿಬರುತ್ತೇನೆ’ ಎಂದು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಾರೆ. ಗೈಡ್ ಕೂಡ ಒಳ್ಳೆಯ ಮನಸ್ಸಿನಿಂದಲೇ ‘ಆಗಲಿ ಹೋಗಮ್ಮ’ ಎನ್ನುತ್ತಾರೆ. ಒಂದೆರಡು ಪ್ರಗತಿ ವರದಿ ತಪ್ಪಿದ ಮೇಲೆ ಕಡತದಲ್ಲಿ ಉಳಿಯುವುದು ‘ಗೈರುಹಾಜರಿ’ ಎಂಬ ಷರಾ ಮಾತ್ರ, ಬಾಣಂತನವಲ್ಲ. ಅರ್ಜಿ ಲಿಖಿತವಾಗಿರಲಿ, ಆದೇಶದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕಗಳು ನಮೂದಾಗಲಿ, ಆ ಸೆಮಿಸ್ಟರ್‌ನ ಸಂಶೋಧನಾ ಸಲಹಾ ಸಮಿತಿಯ ಸಭೆ ಯಾವಾಗ ಎಂಬುದೂ ಅದರಲ್ಲೇ ಇರಲಿ. ಫೆಲೋಶಿಪ್ ಇರುವವರು ರಜೆಯ ಅವಧಿಯ ಹಣಕ್ಕೆ ಬೇಕಾದ ಪತ್ರವನ್ನು ಹೊರಡುವ ಮುಂಚೆಯೇ ಕಳುಹಿಸಿರಬೇಕು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಾಕಿ ಬಿಲ್ಲಿಗೆ ಓಡಾಡುವುದು ಯಾರಿಗೂ ಬೇಡ.

ಹೆಚ್ಚಿನವರಿಗೆ ಗೊತ್ತೇ ಇರದ ಇನ್ನೊಂದು ಅವಕಾಶವಿದೆ. ಮದುವೆಯಿಂದಲೋ ಬೇರೆ ಕಾರಣದಿಂದಲೋ ಸಂಶೋಧಕಿ ಊರು ಬಿಡಬೇಕಾದರೆ ತನ್ನ ಸಂಶೋಧನಾ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಯ್ಯಬಹುದು. ಈವರೆಗಿನ ಕೆಲಸಕ್ಕೆ ಹಳೆಯ ಸಂಸ್ಥೆಗೂ ಗೈಡ್‌ಗೂ ಮನ್ನಣೆ ನೀಡಿದರಾಯಿತು. ಧಾರವಾಡದಲ್ಲಿ ಶುರು ಮಾಡಿದ್ದನ್ನು ಪುಣೆಯಲ್ಲಿ ಮುಗಿಸಬಹುದು. (ಇದನ್ನು ಹೆಂಗಸರಿಗೆ ಮಾತ್ರ ಬರೆದಿಟ್ಟಿದ್ದಾರೆ. ಹೆಂಡತಿಗಾಗಿ ಊರು ಬಿಡುವ ಗಂಡನೊಬ್ಬ ಇರಬಹುದೆಂದು ದೆಹಲಿಯಲ್ಲಿ ಯಾರಿಗೂ ಹೊಳೆದಂತಿಲ್ಲ.) ಆದರೆ ಒಂದು ಷರತ್ತಿದೆ. ಆ ಕೆಲಸವು ಹಣಕಾಸು ಸಂಸ್ಥೆಯೊಂದು ಗೈಡ್‌ಗೋ ಸಂಸ್ಥೆಗೋ ಮಂಜೂರು ಮಾಡಿದ ಪ್ರಾಜೆಕ್ಟಿನ ಭಾಗವಾಗಿದ್ದರೆ ಈ ಅವಕಾಶವಿಲ್ಲ. ವಿಜ್ಞಾನ ವಿಭಾಗಗಳಲ್ಲಿ ಇದು ದೊಡ್ಡ ತೊಡಕು. ಹಾಗಾಗಿ ‘ಈ ವಿಷಯ ನನ್ನದೋ, ಪ್ರಾಜೆಕ್ಟಿನದೋ’ ಎಂಬ ಪ್ರಶ್ನೆಯನ್ನು ಸೇರುವ ಹೊತ್ತಿನಲ್ಲೇ ಕೇಳಿಬಿಡಬೇಕು. ಗೈಡ್‌ಗೆ ಮುಜುಗರವಾದರೆ ಆಗಲಿ.

ಗೈಡ್‌ರ ನಿವೃತ್ತಿಯ ದಿನಾಂಕವನ್ನೂ ಹಾಗೆಯೇ ಕೇಳಬೇಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ, ಸರಿ. ನಾಲ್ಕು ವರ್ಷ ಉಳಿದಿರುವವರು ತೆಗೆದುಕೊಳ್ಳಬಹುದಲ್ಲ? ಗಂಡು ವಿದ್ಯಾರ್ಥಿ ಹೇಗೋ ಅಷ್ಟರಲ್ಲಿ ಮುಗಿಸಿಬಿಡುತ್ತಾನೆ. ನಡುವೆ ಹೆರಿಗೆಯಾದವಳು ಹಿಂತಿರುಗಿ ಬರುವಷ್ಟರಲ್ಲಿ ಗೈಡ್ ಬೀಳ್ಕೊಡುಗೆಯ ಶಾಲು ಹೊದೆಸಿಕೊಂಡು ಹೋಗಿರುತ್ತಾರೆ. ನಿವೃತ್ತರು 70 ವರ್ಷದವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು ನಿಜ. ಆದರೆ ಅಧ್ಯಾಯಗಳನ್ನು ಓದಿ, ಸಹಿ ಹಾಕಿ, ಮೌಖಿಕ ಪರೀಕ್ಷೆಯವರೆಗೆ ಕಡತ ತಳ್ಳುವವರು ಸೇವೆಯಲ್ಲಿರುವ ಇನ್ನೊಬ್ಬರೇ ಆಗಬೇಕು. ನೋಂದಣಿಯ ದಿನವೇ ಆ ಇನ್ನೊಬ್ಬರು ಯಾರೆಂದು ತೀರ್ಮಾನವಾಗಿದ್ದರೆ ಆಕೆಯ ಎರಡು ವರ್ಷ ಉಳಿಯುತ್ತದೆ.

ಇನ್ನು ವಿಷಯದ ಆಯ್ಕೆ. ಕ್ಷೇತ್ರಕಾರ್ಯವಿಲ್ಲದ, ರಾತ್ರಿ ಪ್ರಯೋಗಾಲಯದಲ್ಲಿ ಕೂರಬೇಕಿಲ್ಲದ ವಿಷಯವನ್ನು ಹೆಣ್ಣುಮಕ್ಕಳಿಗೆ ಕೊಡುವುದು ಕಾಳಜಿಯಂತೆಯೇ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಭೌತವಿಜ್ಞಾನಿ ಅನ್ನಾ ಮಣಿ ವಜ್ರಗಳ ಪ್ರತಿದೀಪ್ತಿಯನ್ನು (ಬೆಳಕು ಹೀರಿ ಮತ್ತೆ ಬೆಳಕು ಸೂಸುವ ಗುಣವನ್ನು) ಅಧ್ಯಯನ ಮಾಡುತ್ತಿದ್ದರು. ಫೋಟೊ ಫಲಕಗಳಿಗೆ 15-20 ಗಂಟೆ ಬೆಳಕು ಬೀಳಿಸಬೇಕಿತ್ತು, ರಾತ್ರಿ ಅಲ್ಲೇ ಮಲಗುತ್ತಿದ್ದರು. ಆ ಕೆಲಸದಿಂದ ಅವರೊಬ್ಬರ ಹೆಸರಿನಲ್ಲೇ ಐದು ಲೇಖನಗಳು ಬಂದವು. 1945ರಲ್ಲಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರೆ, ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರು ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಹುದ್ದೆಯವರೆಗೆ ಏರಿದ್ದು ಬೇರೆ ಮಾತು. ‘ಕಷ್ಟದ ಕೆಲಸ ಹುಡುಗಿಯರಿಂದ ಆಗುವುದಿಲ್ಲ’ ಎನ್ನುವ ಸಹೋದ್ಯೋಗಿಗಳಿಗೆ ನಾನು ಈ ಪ್ರಸಂಗ ಹೇಳುತ್ತೇನೆ. ಅಲ್ಲಿ ಕೆಲಸ ಆಗಿತ್ತು, ಆಗದೆ ಹೋದದ್ದು ಕಡತ.

ಸುಲಭದ ವಿಷಯಕ್ಕೆ ಪದವಿ ಸಿಗುತ್ತದೆ, ಆದರೆ ಮುಂದೆ ಹುದ್ದೆಗೆ ನಿಂತಾಗ ಒಳ್ಳೆಯ ಪ್ರಕಟಣೆಗಳು ಅದರಿಂದ ಹುಟ್ಟಿರುವುದಿಲ್ಲ. ಬೀದರಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಬೇಕಾದ ವಿದ್ಯಾರ್ಥಿನಿಗೆ ವಿಷಯ ಬದಲಿಸುವ ಬದಲು ಜೊತೆಗಾರ್ತಿಯ ಬಸ್ ಖರ್ಚು, ಉಳಿಯಲು ಪರಿಚಿತರ ಮನೆ, ಜಿಲ್ಲಾಡಳಿತಕ್ಕೊಂದು ಪರಿಚಯ ಪತ್ರ ಹೊಂದಿಸಿಕೊಟ್ಟರೆ ಕೆಲಸ ಆಗುತ್ತದೆ. ಹಾಸ್ಟೆಲಿನ ಗೇಟು ಮುಚ್ಚುವ ಹೊತ್ತು ಗ್ರಂಥಾಲಯ ಮುಚ್ಚುವ ಹೊತ್ತಿಗಿಂತ ಮುಂಚೆ ಇದ್ದರೆ, ಅದರ ಬಗ್ಗೆ ವಾರ್ಡನ್ ಜೊತೆ ಜಗಳವಾಡಬೇಕಾದವರು ಗೈಡ್, ವಿದ್ಯಾರ್ಥಿನಿಯಲ್ಲ.

ಹೆಸರಿನ ಬಗ್ಗೆ ಒಂದು ಸಣ್ಣ ಮಾತು. ಮೊದಲ ಲೇಖನದಲ್ಲಿ ಯಾವ ಹೆಸರಿತ್ತೋ ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಮದುವೆಯ ನಂತರ ಇನಿಷಿಯಲ್ ಬದಲಾದರೆ ಹಳೆಯ ಲೇಖನಗಳು ಇನ್ಯಾರದೋ ಆಗಿಬಿಡುತ್ತವೆ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2014-15ರಲ್ಲಿ ಪಿಎಚ್.ಡಿ.ಯಲ್ಲಿದ್ದ ಮಹಿಳೆಯರು ಸುಮಾರು 48 ಸಾವಿರ. 2021-22ರ ಹೊತ್ತಿಗೆ ಅದು 98 ಸಾವಿರ ದಾಟಿತು, ಒಟ್ಟು 2.12 ಲಕ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಅಂದರೆ ಪ್ರವೇಶದ್ವಾರದಲ್ಲಿ ಈಗ ಅಡ್ಡಿ ಕಡಿಮೆ. ಇಕ್ಕಟ್ಟು ಇರುವುದು ಪದವಿ ಬಂದ ಮೇಲಿನ ವರ್ಷಗಳಲ್ಲಿ. ವೃತ್ತಿಯಲ್ಲಿ ವಿರಾಮ ತೆಗೆದುಕೊಂಡ ವಿಜ್ಞಾನಿಗಳಿಗೆ ಮರಳಿ ಬರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಗಳಿವೆ, ಈಗ ವೈಸ್-ಕಿರಣ್ ಎಂಬ ಹೆಸರಿನಡಿ. ಇತಿಹಾಸದಲ್ಲೋ ಕನ್ನಡ ಸಾಹಿತ್ಯದಲ್ಲೋ ಪಿಎಚ್.ಡಿ. ಮಾಡಿದವಳಿಗೆ ಆ ಬಾಗಿಲಿಲ್ಲ. ಅವಳು ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕುತ್ತಾಳೆ.

ಕೊನೆಗೊಮ್ಮೆ ಸಂದರ್ಶನಕ್ಕೆ ಕರೆ ಬರುತ್ತದೆ. ಯುಜಿಸಿಯ 2018ರ ನಿಯಮಾವಳಿಯಂತೆ, ಅಭ್ಯರ್ಥಿಗಳಲ್ಲಿ ಮಹಿಳೆಯರಿದ್ದು ಆಯ್ಕೆ ಸಮಿತಿಯಲ್ಲಿ ಮಹಿಳೆ ಇಲ್ಲದಿದ್ದರೆ ಒಬ್ಬರನ್ನು ಕುಲಪತಿ ನಾಮಕರಣ ಮಾಡಬೇಕು. ಹಾಗೆ ಹೋಗಿ ಕೂತ ಕಡೆಗಳಲ್ಲಿ ‘ಮಕ್ಕಳು ಚಿಕ್ಕವರಾ? ಮನೆಯವರು ಎಲ್ಲಿ ಕೆಲಸದಲ್ಲಿದ್ದಾರೆ?’ ಎಂಬ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ನಾನು ಆಕ್ಷೇಪಿಸಲು ಹೋಗುವುದಿಲ್ಲ. ಮುಂದೆ ಬರುವ ಗಂಡು ಅಭ್ಯರ್ಥಿಗೂ ಅದನ್ನೇ, ಅದೇ ಧಾಟಿಯಲ್ಲಿ ಕೇಳುತ್ತೇನೆ. ಸಾಮಾನ್ಯವಾಗಿ ಅವನ ನಂತರ ಆ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ.