ಪದ ಪರಿಚಯ: ವ್ಯಾಕ್‌ಫಾರ್ಮ್ ಕಿಟ್

ವಿಮಾನದ ಮಾಡೆಲ್ ಕಟ್ಟುವವರು ‘ವ್ಯಾಕ್‌ಫಾರ್ಮ್’, ಇನ್ನೂ ಮೊಟಕಾಗಿ ‘ವ್ಯಾಕ್’ ಅನ್ನುವುದು ಹಾಳೆಯಿಂದ ಮಾಡಿದ ಕಿಟ್‌ಗೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಹೊದಿಸಿ, ಅಚ್ಚಿನ ಸಣ್ಣ ತೂತುಗಳ ಮೂಲಕ ಕೆಳಗಿನ ಗಾಳಿಯನ್ನು ಹೀರುತ್ತಾರೆ. ಹಾಳೆ ಅಚ್ಚಿಗೆ ಅಂಟಿಕೊಂಡು ಅದೇ ಆಕಾರದಲ್ಲಿ ತಣಿದು ಗಟ್ಟಿಯಾಗುತ್ತದೆ. ಬೇಕರಿ ಬಿಸ್ಕತ್ತಿನ ತೆಳು ಪ್ಲಾಸ್ಟಿಕ್ ಟ್ರೇ ಆಗುವುದೂ ಹೀಗೆಯೇ. ಅಡಿಕೆ ಹಾಳೆಯ ತಟ್ಟೆ ಒತ್ತುವುದನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ: ಚಪ್ಪಟೆ ಹಾಳೆ, ಅಚ್ಚು, ಬಿಸಿ, ಆಮೇಲೆ ಸುತ್ತಲಿನ ಅಂಚು ಕತ್ತರಿಸುವುದು. ವ್ಯಾಕ್‌ಫಾರ್ಮ್‌ನಲ್ಲಿ ಆ ಕೊನೆಯ ಕೆಲಸ ಕಿಟ್ ಕೊಂಡವರ ಪಾಲಿಗೆ ಬರುತ್ತದೆ. ಭಾಗ ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸುವವರು ಅವರೇ.

ಹೆಸರಲ್ಲಿ ವ್ಯಾಕ್ಯೂಮ್ ಇದ್ದರೂ ಹಾಳೆಯನ್ನು ಅಚ್ಚಿಗೆ ಒತ್ತುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ.; 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ಸಾಮಾನ್ಯ ಕಿಟ್‌ಗಳನ್ನು ತಯಾರಿಸುವ ಇಂಜೆಕ್ಷನ್ ಮೌಲ್ಡಿಂಗ್‌ನಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಇದರ ನೂರಾರು ಪಟ್ಟು ಒತ್ತಡದಲ್ಲಿ ಲೋಹದ ಅಚ್ಚಿನೊಳಗೆ ನುಗ್ಗಿಸುತ್ತಾರೆ. ವ್ಯಾಕ್‌ಫಾರ್ಮ್‌ನ ಗುಣವೂ ದೋಷವೂ ಈ ಅಂತರದಿಂದಲೇ ಹುಟ್ಟುತ್ತವೆ. ಒತ್ತಡ ಕಡಿಮೆಯಾದ್ದರಿಂದ ಮರದ ಅಥವಾ ರೆಸಿನ್‌ನ ಅಚ್ಚು ಸಾಕು, ಖರ್ಚು ಕಡಿಮೆ. ಹಾಗಾಗಿ ದೊಡ್ಡ ಕಂಪನಿಗಳು ಮುಟ್ಟದ ವಿಮಾನಗಳನ್ನು ಬ್ರಿಟನ್ನಿನ ರೇರ್‌ಪ್ಲೇನ್ಸ್, ಕಾಂಟ್ರೈಲ್, ಜರ್ಮನಿಯ ಏರ್‌ಮಾಡೆಲ್‌ನಂಥ ಸಣ್ಣ ತಯಾರಕರು ಮಾಡಿದರು. ಅದೇ ಕಾರಣಕ್ಕೆ ಗೇರ್ ಕಾಲು (ಚಕ್ರ ಹೊರುವ ಕಾಲು), ಚಕ್ರದಂಥ ಸಣ್ಣ ಗಟ್ಟಿ ಭಾಗಗಳು ಈ ವಿಧಾನದಲ್ಲಿ ಚೆನ್ನಾಗಿ ಬರುವುದಿಲ್ಲ. ಅವನ್ನು ಬಿಳಿ ಲೋಹದಲ್ಲಿ ಎರಕ ಹೊಯ್ದು ಜೊತೆಗಿಡುತ್ತಾರೆ, ಇಲ್ಲವೇ ಕಟ್ಟುವವರಿಗೇ ಬಿಡುತ್ತಾರೆ.

ಅಚ್ಚು ಯಾವುದು ಎಂಬುದನ್ನು ಕೊಳ್ಳುವಾಗಲೇ ನೋಡಬೇಕು. ಗಂಡಚ್ಚಿನ ಉಬ್ಬಿನ ಮೇಲೆ ಹಾಳೆ ಎಳೆದಿದ್ದರೆ, ಅಚ್ಚಿನ ಗೆರೆಗೂ ನಮಗೆ ಕಾಣುವ ಹೊರಮೈಗೂ ನಡುವೆ ಹಾಳೆಯ ಪೂರ್ತಿ ದಪ್ಪ ಕೂತಿರುತ್ತದೆ, ಪ್ಯಾನೆಲ್ ಗೆರೆ, ಅಂದರೆ ವಿಮಾನದ ಹೊರತಗಡುಗಳು ಸೇರುವ ಗೆರೆ, ಮಸುಕು. ಹೆಣ್ಣಚ್ಚಿನ ಗುಳಿಯೊಳಗೆ ಎಳೆದದ್ದಾದರೆ ಹೊರಮೈಯೇ ಅಚ್ಚನ್ನು ಮುಟ್ಟಿರುವುದರಿಂದ ಗೆರೆ ಚುರುಕು. ಆದರೆ ಗುಳಿಯ ಆಳಕ್ಕೆ ತಲುಪುವಷ್ಟರಲ್ಲಿ ಹಾಳೆ ಹಿಗ್ಗಿ ತೆಳುವಾಗಿರುತ್ತದೆ. ಭಾಗವನ್ನು ಬೆಳಕಿಗೆ ಹಿಡಿದರೆ ತೆಳು ಜಾಗ ಹೊಳೆಯುತ್ತದೆ. ಅಲ್ಲಿಗೆ ಒಳಗಿನಿಂದ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ತುಂಬಿಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಉಜ್ಜುವಾಗ ಬೆರಳು ಒಳಗೆ ಹೋಗುತ್ತದೆ.

ಹಾಳೆಯ ದಪ್ಪದ ಲೆಕ್ಕ

ಹೊಸಬರ ಮಾಡೆಲ್ ಕೆಡುವುದು ಹೆಚ್ಚಾಗಿ ಇಲ್ಲಿ. ಹಾಳೆ ಸಾಮಾನ್ಯವಾಗಿ 0.75ರಿಂದ 1 ಮಿ.ಮೀ. ದಪ್ಪ. ವಿಮಾನದ ಒಡಲಿನ ಅರ್ಧಭಾಗ ಹಾಳೆಯಿಂದ ಮೇಲೆದ್ದು ನಿಂತಿರುತ್ತದೆ, ಅದರ ಬುಡದಲ್ಲಿ ಹಾಳೆಯ ದಪ್ಪವೂ ಸೇರಿಕೊಂಡಿರುತ್ತದೆ. ಆ ದಪ್ಪ ವಿಮಾನದ್ದಲ್ಲ. ಅದನ್ನು ಉಜ್ಜಿ ತೆಗೆಯದೆ ಎರಡು ಅರ್ಧ ಜೋಡಿಸಿದರೆ ಒಡಲು 2 ಮಿ.ಮೀ. ಅಗಲವಾಗುತ್ತದೆ, 1/72 ಅಳತೆಯಲ್ಲಿ ಅದು ನಿಜವಾದ ವಿಮಾನದ 144 ಮಿ.ಮೀ.ಗೆ ಸಮ. ಹೆಚ್ಚು ಉಜ್ಜಿದರೆ ಅಷ್ಟೇ ಬಡಕಲು, ಕ್ಯಾನೊಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಕೂರುವುದೇ ಇಲ್ಲ.

ಮೊದಲು ಪ್ರತಿ ಭಾಗದ ಬುಡದಲ್ಲಿ, ಭಾಗವೂ ಹಾಳೆಯೂ ಸೇರುವ ಮೂಲೆಗೆ ಪೆನ್ಸಿಲ್ ತುದಿ ಒತ್ತಿ ಸುತ್ತಲೂ ಗೆರೆ ಎಳೆಯಿರಿ. ಆಮೇಲೆ 11ನೇ ನಂಬರ್ ಸರ್ಜಿಕಲ್ ಬ್ಲೇಡನ್ನು ಸುಮಾರು 45 ಡಿಗ್ರಿ ಹೊರಕ್ಕೆ ವಾಲಿಸಿ, ಗೆರೆಗುಂಟ ಎರಡು ಮೂರು ಸಲ ಹಗುರವಾಗಿ ಗೀರಿ. ಆರಪಾರ ಕೊಯ್ಯಬಾರದು, ಗೀರಿದ ಜಾಗದಲ್ಲಿ ಹಾಳೆಯನ್ನು ಮೆಲ್ಲಗೆ ಬಗ್ಗಿಸಿದರೆ ತಾನೇ ಮುರಿಯುತ್ತದೆ. ಬಲ ಹಾಕಿ ಒಂದೇ ಏಟಿಗೆ ಕೊಯ್ದರೆ ಬ್ಲೇಡ್ ಜಾರಿ ಭಾಗದ ಮೇಲೆ ಹರಿಯುತ್ತದೆ.

ಉಜ್ಜಲು ಬೇಕಾದ್ದು ಸಪಾಟು ನೆಲೆ. ಅಡುಗೆಮನೆ ಕಟ್ಟೆಯ ಕೆಲಸದಲ್ಲಿ ಮಿಕ್ಕ ಪಾಲಿಶ್ ಗ್ರಾನೈಟ್ ತುಂಡಿಗಿಂತ ಒಳ್ಳೆಯದಿಲ್ಲ. ಅದರ ಮೇಲೆ 150ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಅಂಟಿಸಿ, ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟು ಒದ್ದೆ ಮಾಡಿ. ಒದ್ದೆಯಾಗಿದ್ದರೆ ಪೇಪರ್ ಕಟ್ಟಿಕೊಳ್ಳುವುದಿಲ್ಲ, ಪುಡಿ ಮೂಗಿಗೂ ಹೋಗುವುದಿಲ್ಲ. ಭಾಗದ ಬೆನ್ನಿಗೆ ಮಾಸ್ಕಿಂಗ್ ಟೇಪಿನ ಹಿಡಿ ಕಟ್ಟಿಕೊಂಡು ದುಂಡಗೆ ಉಜ್ಜಿ, ಹತ್ತಿಪ್ಪತ್ತು ಸುತ್ತಿಗೊಮ್ಮೆ ಭಾಗವನ್ನು ತಿರುಗಿಸಿ ಹಿಡಿಯಿರಿ. ಒಂದೇ ಕಡೆ ಹಿಡಿದರೆ ಬೆರಳಿನ ಭಾರ ಬೀಳುವ ತುದಿ ಬೇಗ ಸವೆದು ಓರೆಯಾಗುತ್ತದೆ. ಅಂಚಿನಲ್ಲಿ ಉಳಿದ ಹಾಳೆ ತೆಳುವಾಗುತ್ತಾ ಈರುಳ್ಳಿ ಸಿಪ್ಪೆಯಂತೆ ಸುಲಿಯತೊಡಗಿದಾಗ 320ರ ಪೇಪರಿಗೆ ಬದಲಿಸಿ. ಸಿಪ್ಪೆ ಹೋಗಿ ಪೆನ್ಸಿಲ್ ಗೆರೆ ಕೂದಲೆಳೆಯಷ್ಟು ಉಳಿದಾಗ ನಿಲ್ಲಿಸಬೇಕು. ದೊಡ್ಡ ಒಡಲಿಗೆ ಒಂದು ಸಂಜೆಯೇ ಹಿಡಿಯಲಿ, ಇಲ್ಲಿ ಅವಸರ ಬೇಡ.

ರೆಕ್ಕೆಗೆ ಇನ್ನೊಂದು ಕೆಲಸವಿದೆ. ಹಿಂದಿನ ಅಂಚಿನಲ್ಲಿ ಎರಡು ಹಾಳೆ ಸೇರಿದರೆ ಮೊಂಡಾಗಿ ಕಾಣುತ್ತದೆ. ಮೇಲ್ಭಾಗ, ಕೆಳಭಾಗ ಎರಡನ್ನೂ ಒಳಗಿನಿಂದ ಇಳಿಜಾರಾಗಿ ಉಜ್ಜಿ, ಅಂಚು ಬ್ಲೇಡಿನಂತೆ ತೆಳುವಾದ ಮೇಲೆ ಜೋಡಿಸಬೇಕು. ಹೊರಗಿನಿಂದ ಉಜ್ಜಿದರೆ ಗೆರೆಗಳೂ ರೆಕ್ಕೆಯ ಬಾಗೂ ಅಳಿದುಹೋಗುತ್ತವೆ.

ಜೋಡಣೆ

ಈ ಭಾಗಗಳಿಗೆ ಗೂಟವೂ ಇಲ್ಲ, ಕುಳಿಯೂ ಇಲ್ಲ. ಕತ್ತರಿಸಿ ಉಳಿದ ಹಾಳೆಯಿಂದ 5 ಮಿ.ಮೀ. ಅಗಲದ ಪಟ್ಟಿಗಳನ್ನು ಮಾಡಿ, ಒಂದು ಅರ್ಧದ ಒಳ ಅಂಚಿಗೆ ಎರಡೆರಡು ಸೆಂಟಿಮೀಟರಿಗೊಂದರಂತೆ, ಅರ್ಧ ಹೊರಚಾಚಿ ಅಂಟಿಸಿ. ಇನ್ನೊಂದು ಅರ್ಧ ಅವುಗಳ ಮೇಲೆ ಕೂರುತ್ತದೆ. ಒಡಲಿನೊಳಗೆ ಮೂರು ನಾಲ್ಕು ಕಡೆ ಬಲ್ಕ್‌ಹೆಡ್ ಅಡ್ಡಗೋಡೆ, ರೆಕ್ಕೆಗೆ ಒಡಲನ್ನು ಹಾದುಹೋಗುವ ಸ್ಪಾರ್, ಅಂದರೆ ಆಧಾರದ ಅಡ್ಡಪಟ್ಟಿ, ಬೇಕು. ಇವಿಲ್ಲದ ಮಾಡೆಲ್ ಹಿಡಿದಾಗಲೆಲ್ಲ ಅದುಮಿಕೊಂಡು ಜೋಡುಗೆರೆ ಬಿರಿಯುತ್ತದೆ. ಮೂತಿಯಡಿ ಚಕ್ರವಿರುವ ವಿಮಾನವಾದರೆ ಮುಚ್ಚುವ ಮೊದಲೇ ಮೂತಿಯಲ್ಲಿ ಸೀಸದ ತೂಕ ಇಡಿ. ಭಾಗಗಳನ್ನು ಟೇಪಿನಿಂದ ಹಿಡಿಸಿ, ಹಿಂದಿನ ಚಕ್ರಗಳ ಜಾಗಕ್ಕೆ ಪೆನ್ಸಿಲ್ ಕೊಟ್ಟು ತೂಗಿಸಿದಾಗ ಮೂತಿ ಕೆಳಗೆ ಬಾಗುವಷ್ಟು ತೂಕ ಬೇಕು. ಮುಚ್ಚಿದ ಮೇಲೆ ಇದಕ್ಕೆ ದಾರಿಯಿಲ್ಲ.

ಪ್ಲಾಸ್ಟಿಕ್ ಮಾಡೆಲ್ ಅಂಟಿಸುವ ದ್ರವ ಸಿಮೆಂಟನ್ನು ಬ್ರಷ್ಷಿನಲ್ಲಿ ತುಸುವೇ ಹಚ್ಚಬೇಕು. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ತೆಳು ಹಾಳೆಗೆ ಹೆಚ್ಚಾದರೆ ಹೊರಮೈ ಸುಕ್ಕುತ್ತದೆ. ಬೆಸುಗೆಯನ್ನು ಕೆಲವು ದಿನ ಆರಲು ಬಿಡಿ. ಮರುದಿನವೇ ಉಜ್ಜಿ ಬಣ್ಣ ಹೊಡೆದರೆ ಒಳಗಿನ ದ್ರಾವಕ ಆರುತ್ತಾ ಜೋಡು ಕುಗ್ಗಿ, ವಾರಗಳ ನಂತರ ಬಣ್ಣದಡಿ ತಗ್ಗಿನ ಗೆರೆ ಮೂಡುತ್ತದೆ.

ಕ್ಯಾನೊಪಿ

ಕ್ಯಾನೊಪಿಯೂ ವ್ಯಾಕ್‌ಫಾರ್ಮ್ ಆಗಿರುತ್ತದೆ, ಆದರೆ ಇಲ್ಲಿ ತೆಳು ಹಾಳೆಯೇ ವರ. ಗಾಜು ನೈಜವಾಗಿ ಕಾಣುತ್ತದೆ, ತೆರೆದಿಟ್ಟು ತೋರಿಸಲೂಬಹುದು. ಕತ್ತರಿಸುವ ಮೊದಲು ಒಳಗೆ ಮಕ್ಕಳ ಮಾಡೆಲಿಂಗ್ ಕ್ಲೇ ತುಂಬಿದರೆ ಬ್ಲೇಡಿನ ಒತ್ತಿಗೆ ಬಗ್ಗುವುದಿಲ್ಲ. ಹೊಸ ಬ್ಲೇಡ್, ಐದಾರು ಹಗುರ ಗೀರು. ಅಂಟಿಸಲು ಬಿಳಿ ಫೆವಿಕಾಲ್ ಸಾಕು, ಆರಿದ ಮೇಲೆ ಪಾರದರ್ಶಕವಾಗುತ್ತದೆ. ಫೆವಿಕ್ವಿಕ್‌ನಂಥ ಸೂಪರ್‌ಗ್ಲೂ ಬೇಡವೇ ಬೇಡ: ಅದರ ಆವಿ ಗಾಜಿನ ಒಳಮೈಗೆ ಬಿಳಿ ಮಂಜು ಕಟ್ಟಿಸುತ್ತದೆ, ಒಳಗೆ ಕೈ ಹೋಗದಿದ್ದರೆ ಒರೆಸಲಾಗದು.

ಉಳಿದ ವಿವರಗಳು

ಚಕ್ರದ ಗೂಡು, ಆಸನ, ಗೇರ್ ಕಾಲುಗಳನ್ನು ಪ್ಲಾಸ್ಟಿಕ್ ಕಾರ್ಡ್, ಹಿತ್ತಾಳೆ ಕೊಳವೆಗಳಿಂದ ಮಾಡಿಕೊಳ್ಳಬೇಕು. ಸಣ್ಣ ಅರ, ಕೈಡ್ರಿಲ್ಲಿಗೆ ಚಿನ್ನಬೆಳ್ಳಿ ಕೆಲಸದವರ ಉಪಕರಣ ಮಾರುವ ಪೇಟೆಯ ಅಂಗಡಿಗಳು, ವಾಟರ್ ಪೇಪರಿಗೆ ಕಾರಿನ ಬಣ್ಣದ ಅಂಗಡಿಗಳು, ಬ್ಲೇಡಿಗೆ ಸರ್ಜಿಕಲ್ ಅಂಗಡಿಗಳು.

ಅಳತೆಯನ್ನು ಕಿಟ್‌ನ ನಕ್ಷೆಯಿಂದಷ್ಟೇ ನಂಬಬಾರದು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಯುದ್ಧವಿಮಾನ ಎಚ್‌ಎಫ್-24 ಮರುತ್ ತೆಗೆದುಕೊಳ್ಳಿ. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಉದ್ದ 15.87 ಮೀಟರ್, 1/72ರಲ್ಲಿ 125 ಮಿ.ಮೀ. ಮತ್ತು 220 ಮಿ.ಮೀ. ಆಗಬೇಕು. ಉಜ್ಜುವ ಮೊದಲೊಮ್ಮೆ, ನಂತರವೊಮ್ಮೆ ಸ್ಕೇಲ್ ಹಿಡಿದು ನೋಡಿ. ಗೇರ್ ಕಾಲು, ಎಂಜಿನ್ನಿನ ಗಾಳಿಬಾಯಿಗಳ ವಿವರಕ್ಕೆ ನಕ್ಷೆಗಿಂತ ನಿಜ ವಿಮಾನವೇ ಲೇಸು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲೂ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲೂ ಮರುತ್ ನಿಂತಿದೆ. ಫೋಟೊ ತೆಗೆಯುವಾಗ ಅಡಿಯಿಂದ, ಪಕ್ಕದಿಂದ, ಚಕ್ರದ ಗೂಡಿನ ಒಳಗಿನಿಂದ ತೆಗೆಯಿರಿ. ಕಿಟ್‌ನಲ್ಲಿ ಇಲ್ಲದಿರುವುದು ಆ ಭಾಗಗಳೇ.