ಹೊಳೆಯ ಅಡಿಯಲ್ಲಿ ಸುರಂಗ ತೋಡಿದ ಅಪ್ಪ

ಕಾಸರಗೋಡಿನ ಬಾಯಾರು, ಪೈವಳಿಕೆ ಕಡೆ ಗುಡ್ಡದ ಬುಡದಲ್ಲಿ ನಡೆದರೆ ಅಲ್ಲಲ್ಲಿ ಒಂದು ಕತ್ತಲೆ ಬಾಯಿ ಕಾಣುತ್ತದೆ. ಒಬ್ಬರು ತಲೆ ತಗ್ಗಿಸಿ ಹೋಗುವಷ್ಟೇ ಜಾಗ. ಒಳಗಿಂದ ನೀರು ಸಣ್ಣಗೆ ಹರಿದು ಬಂದು, ಅಡಿಕೆ ಮರದ ದಂಬೆಯಲ್ಲಿ ಇಳಿದು, ತೋಟದ ಕೆರೆಗೆ ಬೀಳುತ್ತಿರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ತೋಟದ ಸುರಂಗವನ್ನು ತೋಡಿದ್ದು ನನ್ನ ಅಜ್ಜ. ಸಣ್ಣವನಿದ್ದಾಗ ಅದರೊಳಗೆ ಹೋದಾಗಲೆಲ್ಲ ನನಗೆ ಒಂದೇ ಹೆದರಿಕೆ, ಇದು ತಲೆ ಮೇಲೆ ಬೀಳುವುದಿಲ್ವಾ?

ಸಾಮಾನ್ಯವಾಗಿ ಬೀಳುವುದಿಲ್ಲ, ಅದಕ್ಕೆ ಕಾರಣ ನಮ್ಮ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಕರಗುವ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಇರುವ ಮಣ್ಣನ್ನು ಉಳಿಸಿದೆ. ಒಳಗೆ ಇರುವಾಗ ಪಿಕ್ಕಾಸಿಗೆ ಸಿಗುವಷ್ಟು ಮೆತ್ತಗೆ, ಗಾಳಿ ತಾಗಿ ಒಣಗಿದರೆ ಗಟ್ಟಿ. ಹಾಗಾಗಿ ಕಂಬ, ಹಲಗೆ ಯಾವುದೂ ಇಲ್ಲದೆ ತಾನೇ ನಿಲ್ಲುತ್ತದೆ. ಅದರ ಕೆಳಗಿನ ಸೇಡಿಮಣ್ಣು ಸಿಕ್ಕರೆ ಮಾತ್ರ ಜಾಗ್ರತೆ ಬೇಕು, ಅದು ಕುಸಿಯುವ ಜಾತಿ.

ಈಗ ಯೋಚನೆ ಮಾಡಿ. ಮುರಕಲ್ಲೇ ಇಲ್ಲ, ಬರೀ ಜೇಡಿ ಮತ್ತು ಕೆಸರು, ಮೇಲೆ ಹಡಗು ಓಡಾಡುವ ದೊಡ್ಡ ನದಿ. ಅದರ ಅಡಿಯಲ್ಲಿ ಸುರಂಗ ತೋಡುವುದು ಹೇಗೆ? ದಾರಿ ಕಂಡುಹಿಡಿದವರು ಮಾರ್ಕ್ ಬ್ರೂನೆಲ್. ಸೇತುವೆ, ಹಡಗು, ರೈಲುದಾರಿ ಕಟ್ಟಿದ ಮಗ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಹೆಸರನ್ನು ಎಂಜಿನಿಯರಿಂಗ್ ಓದಿದವರೆಲ್ಲ ಕೇಳಿರುತ್ತಾರೆ. ಅಪ್ಪನ ಹೆಸರು ಹೇಳುವವರು ಕಡಿಮೆ. ನನಗೆ ಅದು ಬೇಸರದ ವಿಷಯ.

ಮಾರ್ಕ್ ಹುಟ್ಟಿದ್ದು 1769ರಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ. ಅವರು ರಾಜನ ಪರ ಮಾತಾಡುವವರು, ಅದು ಕ್ರಾಂತಿಯ ಕಾಲ. 1793ರಲ್ಲಿ ಜೀವ ಉಳಿಸಿಕೊಳ್ಳಲು ಅಮೆರಿಕಕ್ಕೆ ಓಡಬೇಕಾಯಿತು. ರೂಆನ್ ಪಟ್ಟಣದಲ್ಲಿ ಮನಸ್ಸು ಕೊಟ್ಟಿದ್ದ ಸೋಫಿಯಾ ಕಿಂಗ್‌ಡಮ್ ಎಂಬ ಇಂಗ್ಲಿಷ್ ಹುಡುಗಿ ಹಿಂದೆ ಉಳಿದಳು. ಇಂಗ್ಲಿಷಿನವಳು ಎಂಬ ಕಾರಣಕ್ಕೇ ಅವಳನ್ನು ಅಲ್ಲಿ ಸೆರೆಯಲ್ಲಿಟ್ಟರು. ಮಾರ್ಕ್ ನ್ಯೂಯಾರ್ಕ್ ನಗರದ ಮುಖ್ಯ ಎಂಜಿನಿಯರ್ ಆದರು, ಆದರೂ ಅಲ್ಲೇ ನಿಲ್ಲಲಿಲ್ಲ. 1799ರಲ್ಲಿ ಇಂಗ್ಲೆಂಡಿಗೆ ಬಂದು, ಅದೇ ವರ್ಷ ಸೋಫಿಯಾಳನ್ನೇ ಮದುವೆಯಾದರು. ಆರು ವರ್ಷ, ನಡುವೆ ಒಂದು ಸಮುದ್ರ. ಮಗನ ಹೆಸರಿನ ನಡುವೆ ಇರುವ ಕಿಂಗ್‌ಡಮ್ ತಾಯಿಯ ಮನೆಯ ಹೆಸರು. ಆ ಮಗನಿಗೆ ಚಿತ್ರ ಬರೆಯಲು, ರೇಖಾಗಣಿತ ಮಾಡಲು ಎಳವೆಯಲ್ಲೇ ಕಲಿಸಿದ್ದು ಅಪ್ಪನೇ.

ಮಾರ್ಕ್ ತಲೆ ಯಂತ್ರದ ತಲೆ. ಹಡಗಿನ ಹಗ್ಗ ಎಳೆಯಲು ಬೇಕಾದ ಮರದ ರಾಟೆಗಳನ್ನು ಮಾಡಲು ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಯಂತ್ರಗಳ ಸಾಲನ್ನೇ ಯೋಜಿಸಿಕೊಟ್ಟರು. 110 ಜನ ನುರಿತ ಕೆಲಸಗಾರರ ಕೆಲಸವನ್ನು ಅಲ್ಲಿ 10 ಜನ ಮಾಡುತ್ತಿದ್ದರು. ದುಡ್ಡಿನ ವಿಷಯದಲ್ಲಿ ಮಾತ್ರ ಪೆಟ್ಟು ತಿಂದರು. ಸೈನಿಕರಿಗೆ ಬೂಟು ಮಾಡುವ ಯಂತ್ರ ಹಾಕಿದರು, 1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧವೇ ಮುಗಿಯಿತು, ಬೂಟು ರಾಶಿ ಬಿದ್ದಿತು. 1821ರಲ್ಲಿ ಸಾಲ ತೀರಿಸಲಾಗದೆ ಜೈಲಿಗೆ ಹೋದರು. ಸೋಫಿಯಾ ಕೂಡ ಹೋಗಿ ಅಲ್ಲೇ ಗಂಡನ ಜೊತೆ ಇದ್ದರು. ರಷ್ಯಾದ ಚಕ್ರವರ್ತಿ ಕರೆಸಿಕೊಂಡುಬಿಟ್ಟರೆ ಇಂಥ ಎಂಜಿನಿಯರ್ ಕೈತಪ್ಪುತ್ತಾರೆ ಎಂಬ ಹೆದರಿಕೆಯಿಂದ ಸರಕಾರ 5,000 ಪೌಂಡ್ ಕೊಟ್ಟು ಬಿಡಿಸಿತು.

ಇನ್ನು ಸುರಂಗ. ಮರದ ಹಡಗು ಕೊರೆದು ಹಾಳು ಮಾಡುವ ಒಂದು ಜೀವಿ ಇದೆ. ಹುಳು ಎನ್ನುತ್ತೇವೆ, ಆದರೆ ಅದು ನಮ್ಮ ಹೊಳೆಯ ಚಿಪ್ಪುಜೀವಿ ಮರುವಾಯಿಯ ದೂರದ ನೆಂಟ. ತಲೆಯ ಮೇಲಿನ ಎರಡು ಸಣ್ಣ ಚಿಪ್ಪುಗಳಿಂದ ಮರ ಅರೆಯುತ್ತ ಮುಂದೆ ಹೋಗುತ್ತದೆ, ಹಿಂದೆ ತೂತಿನ ಗೋಡೆಗೆ ಸುಣ್ಣದ ಲೇಪ ಬಳಿಯುತ್ತದೆ. ಮಾರ್ಕ್‌ಗೆ ಉಪಾಯ ಹೊಳೆದದ್ದು ಇದನ್ನು ನೋಡಿ ಎನ್ನುತ್ತಾರೆ. ಮುಂದೆ ಕೊರೆಯುವುದು, ಹಿಂದೆ ಕೂಡಲೇ ಗೋಡೆ ಕಟ್ಟುವುದು, ನಡುವೆ ಗಟ್ಟಿ ತಲೆ. 1818ರಲ್ಲಿ ಪೇಟೆಂಟ್ ಪಡೆದರು.

ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಆ ಗಟ್ಟಿ ತಲೆ ಎಂದರೆ ಅಕ್ಕಪಕ್ಕ ನಿಲ್ಲಿಸಿದ 12 ಕಬ್ಬಿಣದ ಚೌಕಟ್ಟುಗಳು. ಒಂದೊಂದಕ್ಕೂ ಮೂರು ಅಂತಸ್ತು, ಒಟ್ಟು 36 ಗೂಡು. ಗೂಡಿಗೊಬ್ಬ ಕೆಲಸಗಾರ. ಅವನ ಎದುರಿನ ಮಣ್ಣಿಗೆ ಅಡ್ಡ ಹಲಗೆಗಳನ್ನು ಒತ್ತಿ, ಹಿಂದಿನಿಂದ ಸ್ಕ್ರೂ ಜಾಕ್ ಕೊಟ್ಟು ಬಿಗಿ ಮಾಡಿರುತ್ತಾರೆ. ಅವನು ಒಂದೇ ಒಂದು ಹಲಗೆ ತೆಗೆಯುತ್ತಾನೆ. ಅಷ್ಟು ಜಾಗದ ಮಣ್ಣನ್ನು 4.5 ಇಂಚು ಅಗೆಯುತ್ತಾನೆ. ಹಲಗೆಯನ್ನು ಮುಂದೆ ಒತ್ತಿ ಮತ್ತೆ ಬಿಗಿ ಮಾಡಿ, ಆಮೇಲೆ ಕೆಳಗಿನ ಹಲಗೆಗೆ ಕೈ ಹಾಕುತ್ತಾನೆ. ಎಲ್ಲ ಹಲಗೆ ಮುಗಿದ ಮೇಲೆ, ಹಿಂದೆ ಕಟ್ಟಿದ ಇಟ್ಟಿಗೆ ಗೋಡೆಗೆ ಜಾಕ್ ಆನಿಸಿ ಚೌಕಟ್ಟನ್ನೇ ಮುಂದೆ ದೂಡುವುದು. ಅಂದರೆ ಮನೆಯಷ್ಟು ದೊಡ್ಡ ಮಣ್ಣಿನ ಗೋಡೆ ಎದುರಿಗಿದ್ದರೂ, ಯಾವ ಹೊತ್ತಿನಲ್ಲೂ ತೆರೆದಿರುವುದು ಹಲಗೆಯಗಲದ ಕೆಲವೇ ಗೀಟುಗಳು! ಇಷ್ಟು ಸರಳ ಉಪಾಯ ಅವರ ಮೊದಲು ಯಾರಿಗೂ ಹೊಳೆದಿರಲಿಲ್ಲ.

ಕೆಳಗೆ ಇಳಿಯಲು ಮಾಡಿದ ಬಾವಿಯೂ ಚೆಂದ. 1825ರಲ್ಲಿ ನೆಲದ ಮೇಲೆ 50 ಅಡಿ ಅಗಲದ ದುಂಡಗಿನ ಇಟ್ಟಿಗೆ ಗೋಪುರ ಕಟ್ಟಿ, ಒಳಗಿನ ಮಣ್ಣು ತೆಗೆಯುತ್ತ ಹೋದರು. ಗೋಪುರ ತನ್ನ ಭಾರಕ್ಕೆ ತಾನೇ ಇಳಿಯಿತು. ಕುಂಬಳೆ, ಮಂಜೇಶ್ವರದ ಹೊಯಿಗೆಯಲ್ಲಿ ಸಿಮೆಂಟ್ ರಿಂಗ್ ಬಾವಿ ಇಳಿಸುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಆದರೂ ನದಿ ನುಗ್ಗಿತು. 1827ರಲ್ಲಿ ಒಮ್ಮೆ. 1828ರ ಜನವರಿಯಲ್ಲಿ ಮತ್ತೆ, ಆಗ ಆರು ಜನ ಸತ್ತರು. ಒಳಗೇ ಕೆಲಸ ನೋಡಿಕೊಳ್ಳುತ್ತಿದ್ದ ಮಗ ಇಸಂಬಾರ್ಡ್‌ಗೆ ಜೋರು ಪೆಟ್ಟಾಗಿ, ಜೀವ ಉಳಿದದ್ದೇ ಹೆಚ್ಚು. ತನ್ನದೇ ಯೋಜನೆಯೊಳಗೆ ಮಗ ಮುಳುಗುತ್ತಿದ್ದ ಸುದ್ದಿ ಕೇಳಿದ ಆ ಅಪ್ಪನ ಸ್ಥಿತಿ ನೆನೆದರೆ ಹೊಟ್ಟೆ ಹಿಂಡುತ್ತದೆ. ದುಡ್ಡಿಲ್ಲದೆ ಏಳು ವರ್ಷ ಕೆಲಸ ನಿಂತಿತು. ಆಮೇಲೆ ಸರಕಾರದ ಸಾಲ ಸಿಕ್ಕಿ, 1843ರ ಮಾರ್ಚ್ 25ರಂದು ಸುಮಾರು 400 ಮೀಟರ್ ಉದ್ದದ ಸುರಂಗ ಜನರಿಗೆ ತೆರೆಯಿತು. 1869ರಿಂದ ಅದರಲ್ಲಿ ರೈಲು ಓಡುತ್ತಿದೆ, ಇವತ್ತಿಗೂ.

ಕೆಲಸದ ಕೊನೆಯ ವರ್ಷಗಳಲ್ಲಿ ಮಾರ್ಕ್ ಸುರಂಗದ ಹತ್ತಿರವೇ ಮನೆ ಮಾಡಿದ್ದರು. ರಾತ್ರಿ ಎರಡು ಗಂಟೆಗೊಮ್ಮೆ ಗಂಟೆ ಬಾರಿಸಿ ಅವರನ್ನು ಎಬ್ಬಿಸಿ, ಒಳಗೆ ಅಗೆದ ಮಣ್ಣಿನ ಮುದ್ದೆಯನ್ನು ತೋರಿಸುತ್ತಿದ್ದರಂತೆ. ಅದನ್ನು ನೋಡಿ ಮುಂದೆ ಎಂಥ ಮಣ್ಣು ಬರಬಹುದು ಎಂದು ಹೇಳಿ ಮಲಗುವುದು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಗಂಟೆ ಬಾರಿಸಿದಾಗಲೆಲ್ಲ ಪಕ್ಕದಲ್ಲಿ ಸೋಫಿಯಾಗೂ ಎಚ್ಚರವಾಗಿರಬೇಕು, ಅಲ್ವಾ?

ನನಗೆ ಅಜ್ಜಿ ನೆನಪಾಗುತ್ತಾರೆ. ಅಜ್ಜ ಸುರಂಗದೊಳಗೆ ಇದ್ದಾಗ ಅಜ್ಜಿ ಬಾಯಿಯ ಹತ್ತಿರವೇ ಅಡಿಕೆ ಸುಲಿಯುತ್ತ ಕೂರುತ್ತಿದ್ದರಂತೆ. ಗಾಳಿ ಸಾಲದೆ ಮೇಣದಬತ್ತಿ ಮಂಕಾದರೆ ಅಜ್ಜನೇ ಹೊರಗೆ ಬರಬೇಕು, ಅದು ಅಜ್ಜಿಗೆ ಕಾಣದು. ಅವರಿಗೆ ಕೇಳುತ್ತಿದ್ದದ್ದು ಪಿಕ್ಕಾಸಿನ ಸದ್ದು ಮಾತ್ರ. ಅದು ಸ್ವಲ್ಪ ಹೊತ್ತು ನಿಂತರೂ ಸಾಕು, ಸುಲಿಯುವುದು ಬಿಟ್ಟು ಒಳಗೆ ಬಗ್ಗಿ, "ಕೇಳ್ತಾ?" ಎಂದು ಕೂಗುತ್ತಿದ್ದರು.