ಎರಡೂ ಕಡೆಯಿಂದ ಓದಬಹುದಾದ ಕ್ರೋಮೋಸೋಮ್: ವೈ ಬಗ್ಗೆ ನನ್ನ ಟಿಪ್ಪಣಿ

ಮಾನವ ಜೀನೋಮ್ ಓದಿ ಮುಗಿಯಿತು ಅಂತ 2003ರಲ್ಲೇ ಸುದ್ದಿಯಾಗಿತ್ತು. ಆದರೆ ಸಾಮಾನ್ಯವಾಗಿ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಓದಲು ಸಿಕ್ಕಿದ್ದು 2023ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಖಾಲಿ ಬಿಟ್ಟ ಜಾಗವಾಗಿತ್ತು. ಪೂರ್ತಿ ಓದಿದ ಆ ಒಂದು ವೈನ ಉದ್ದ 6,24,60,029 ಅಕ್ಷರ (ಅಕ್ಷರ ಅಂದರೆ ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿ). ನಮ್ಮ ಕ್ರೋಮೋಸೋಮ್‌ಗಳಲ್ಲಿ ಇದು ಚಿಕ್ಕವುಗಳ ಸಾಲಿನದ್ದು. ಚಿಕ್ಕದೇ ಯಾಕೆ ಕೊನೆಗೆ ಉಳಿಯಿತು? ಈ ಪ್ರಶ್ನೆ ಹಿಡಿದು ಹೊರಟರೆ ಬಂಜೆತನ, ಟರ್ನರ್ ಸಿಂಡ್ರೋಮ್, ಇಲಿ, ಹಸು ಎಲ್ಲವೂ ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ.

ಮೊದಲು ಓದುವ ಕಷ್ಟ ಏನು ಅಂತ ನೋಡೋಣ. ಭಜನೆ ಪದ ಬರೆದಿಟ್ಟ ಹಾಳೆ ಚೂರು ಚೂರಾಗಿದೆ ಅಂದುಕೊಳ್ಳಿ. ಪ್ರತಿ ಚರಣ ಆದಮೇಲೂ ಪಲ್ಲವಿಯನ್ನು ಪೂರ್ತಿ ಬರೆದಿದ್ದಾರೆ. ಒಂದು ಚೂರಿನಲ್ಲಿ ಬರೀ ಪಲ್ಲವಿ ಇದ್ದರೆ, ಅದು ಎಷ್ಟನೇ ಚರಣದ ಮುಂದಿನದು ಅಂತ ಹೇಳೋದು ಹೇಗೆ? ಚೂರು ದೊಡ್ಡದಿದ್ದು, ಪಲ್ಲವಿಯ ಹಿಂದೆ ಮುಂದೆ ಚರಣದ ಸಾಲೂ ಇದ್ದರೆ ಮಾತ್ರ ಜಾಗ ಗೊತ್ತಾಗುತ್ತದೆ. ವೈ ತುಂಬ ಇಂಥ ಪಲ್ಲವಿಗಳೇ. ಹಳೆಯ ಯಂತ್ರಗಳು ಒಂದು ಸಲಕ್ಕೆ ಕೆಲವು ನೂರು ಅಕ್ಷರ ಮಾತ್ರ ಓದುತ್ತಿದ್ದವು. ಈಗಿನ ಯಂತ್ರಗಳು ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ದಾಟಿಯೂ ಒಂದೇ ಉಸಿರಿಗೆ ಓದುತ್ತವೆ. 2023ರ ಕೆಲಸ ಸಾಧ್ಯವಾಗಿದ್ದು ಅದರಿಂದ.

ಆದರೆ ಒಳಗಿನ ವಿನ್ಯಾಸ ಮೊದಲು ಕಂಡದ್ದು 2003ರಲ್ಲೇ. ಅಮೆರಿಕದ ವೈಟ್‌ಹೆಡ್ ಇನ್‌ಸ್ಟಿಟ್ಯೂಟ್‌ನ ಡೇವಿಡ್ ಪೇಜ್ ಮತ್ತು ಅವರ ಜೊತೆಗಾರರು ಒಬ್ಬನೇ ಗಂಡಸಿನ ಡಿಎನ್‌ಎಯನ್ನು ದೊಡ್ಡ ದೊಡ್ಡ ತುಂಡುಗಳಾಗಿ ಇಟ್ಟುಕೊಂಡು ತಾಳ್ಮೆಯಿಂದ ಓದಿದರು. ಒಬ್ಬನೇ ಯಾಕೆ? ಇಬ್ಬರದ್ದು ಬೆರೆತರೆ, ಕಂಡ ವ್ಯತ್ಯಾಸ ಎರಡು ಪ್ರತಿಗಳ ನಡುವಿನದೋ ಇಬ್ಬರು ಮನುಷ್ಯರ ನಡುವಿನದೋ ಅಂತ ತಿಳಿಯೋದಿಲ್ಲ. ಈ ಸಣ್ಣ ಎಚ್ಚರಿಕೆ ನನಗೆ ತುಂಬ ಹಿಡಿಸಿತು.

ಅವರಿಗೆ ಅಲ್ಲಿ ಕಂಡದ್ದು ಎಂಟು ದೊಡ್ಡ ‘ವಿಕಟಕವಿ’ಗಳು. ಎಡದಿಂದ ಓದಿದರೂ ವಿಕಟಕವಿ, ಬಲದಿಂದ ಓದಿದರೂ ವಿಕಟಕವಿ, ಅಲ್ವಾ? ಡಿಎನ್‌ಎಯಲ್ಲಿ ಒಂದು ಚಿಕ್ಕ ಬದಲಾವಣೆ ಇದೆ. ಅದರಲ್ಲಿ ಎರಡು ಎಳೆ ಇರುವುದರಿಂದ, ಹಿಂದಿನಿಂದ ಓದುವಾಗ ಎದುರಿನ ಎಳೆಯನ್ನು ಓದಬೇಕು, ಆಗ ಹೊಂದಿಕೆಯಾಗುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಉದ್ದ ಸುಮಾರು 29 ಲಕ್ಷ ಅಕ್ಷರ. ಅದರ ಎರಡು ತೋಳುಗಳು, ಅಂದರೆ ಎಡ ಬಲದ ಭಾಗಗಳು, 99.97 ಶೇಕಡಾ ಒಂದೇ.

ಇಷ್ಟು ಹೋಲಿಕೆ ಉಳಿದದ್ದು ಹೇಗೆ? ಉಳಿದ ಕ್ರೋಮೋಸೋಮ್‌ಗಳಿಗೆ ಜೋಡಿ ಇದೆ. ಹೆಣ್ಣಿನಲ್ಲಿ ಎಕ್ಸ್‌ಗೂ ಇದೆ. ಒಂದರಲ್ಲಿ ಅಕ್ಷರ ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಿಕೊಳ್ಳಬಹುದು. ವೈಗೆ ಎರಡು ತುದಿಗಳನ್ನು ಬಿಟ್ಟರೆ ಎಕ್ಸ್ ಜೊತೆ ವಿನಿಮಯವೇ ಇಲ್ಲ. ಹಾಗಾಗಿ ಅದು ತನ್ನ ಮೇಲೆ ತಾನೇ ಮಡಚಿಕೊಂಡು, ಒಂದು ತೋಳನ್ನು ನೋಡಿ ಇನ್ನೊಂದನ್ನು ತಿದ್ದಿಕೊಳ್ಳುತ್ತದೆ. ವೀರ್ಯಾಣು ತಯಾರಿಕೆಗೆ ಬೇಕಾದ ಜೀನ್‌ಗಳು ಹೆಚ್ಚಾಗಿ ಈ ತೋಳುಗಳಲ್ಲೇ ಇವೆ. ಡಿಎಜಡ್ ಅನ್ನುವ ಜೀನ್ ಸಾಮಾನ್ಯವಾಗಿ ನಾಲ್ಕು ಪ್ರತಿಯಲ್ಲಿದೆ.

ಕಾಪಾಡುವ ಈ ಏರ್ಪಾಟೇ ಕೆಲವೊಮ್ಮೆ ಕುತ್ತು ತರುತ್ತದೆ. ಕಾಗದದಲ್ಲಿ ಬರೆದು ನೋಡಿ. ಒಂದು ಪಟ್ಟಿಯಲ್ಲಿ ಹೀಗಿದೆ: ಕ, 1, 2, 3, ಕ, 4. ಎರಡು ‘ಕ’ಗಳೂ ಒಂದೇ ಥರ ಇರುವುದರಿಂದ ಜೋಡಿಸುವಾಗ ಮೊದಲನೆಯ ‘ಕ’ ಎರಡನೆಯದರ ಜೊತೆ ಸೇರಿಕೊಂಡರೆ? ಉಳಿಯುವುದು ಕ, 4. ನಡುವಿನ 1, 2, 3 ಹೊರಟೇ ಹೋಯಿತು. ವೈನ ಎಜಡ್‌ಎಫ್‌ಸಿ ಅನ್ನುವ ಭಾಗದಲ್ಲಿ ಆಗುವುದು ಇದೇ. ಒಂದೇ ಏಟಿಗೆ ಸುಮಾರು 35 ಲಕ್ಷ ಅಕ್ಷರ ಕಳಚಿಹೋಗುತ್ತದೆ, ಡಿಎಜಡ್‌ನ ನಾಲ್ಕೂ ಪ್ರತಿಗಳ ಸಮೇತ. ಆ ಗಂಡಸು ನೋಡಲು ಆರೋಗ್ಯವಾಗಿರುತ್ತಾನೆ. ವೀರ್ಯಾಣು ಮಾತ್ರ ತುಂಬ ಕಡಿಮೆ, ಇಲ್ಲವೇ ಸೊನ್ನೆ.

ಇಂಥ ಗಂಡಸರ ವೈ ತುಂಡಾಗಿದೆ ಅಂತ 1976ರಲ್ಲೇ ಇಟಲಿಯ ತಿಯೆಪೊಲೊ ಮತ್ತು ಜುಫಾರ್ಡಿ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಯಾಕೆ ತುಂಡಾಗುತ್ತದೆ ಅನ್ನುವುದಕ್ಕೆ ಅಕ್ಷರ ಅಕ್ಷರ ಓದಬೇಕಾಯಿತು. ಈಗ ಇದು ರಕ್ತಪರೀಕ್ಷೆ. ವೈನ ಇಂಥವೇ ಇನ್ನೆರಡು ಭಾಗಗಳಾದ ಎಜಡ್‌ಎಫ್‌ಎ ಅಥವಾ ಬಿ ಪೂರ್ತಿ ಹೋಗಿದ್ದರೆ ವೃಷಣದಲ್ಲಿ ಹುಡುಕಿದರೂ ವೀರ್ಯಾಣು ಸಿಗುವ ಆಸೆ ಇಲ್ಲದಂತೆಯೇ. ಸಿ ಹೋಗಿದ್ದರೆ ಎಷ್ಟೋ ಜನರಲ್ಲಿ ಸಿಗುತ್ತದೆ, ಐವಿಎಫ್ ದಾರಿಯಲ್ಲಿ ಮಗುವೂ ಆಗಬಹುದು. ಆದರೆ ಹುಟ್ಟುವ ಗಂಡುಮಗುವಿಗೂ ಅದೇ ತುಂಡು ವೈ ಹೋಗುತ್ತದೆ, ಇದನ್ನು ದಂಪತಿಗೆ ಮೊದಲೇ ಹೇಳಬೇಕು. ನಮ್ಮ ಕಡೆ ಮಕ್ಕಳಾಗದಿದ್ದರೆ ಇವತ್ತಿಗೂ ಮೊದಲು ಹೆಂಡತಿಯನ್ನೇ ಆಸ್ಪತ್ರೆಗೆ ಅಲೆಸುತ್ತಾರೆ, ಹರಕೆ ಹೊರಿಸುತ್ತಾರೆ. ಗಂಡನಿಗೆ ಮಾಡಬೇಕಾದ ಈ ಒಂದು ಪರೀಕ್ಷೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ನನಗೆ ಇದು ತುಂಬ ಬೇಸರದ ವಿಷಯ.

ಈಗ ಪ್ರಾಣಿಗಳ ಕಡೆ ಬರೋಣ. ಎಕ್ಸ್ ಮತ್ತು ವೈ ಒಂದು ಕಾಲದಲ್ಲಿ ಮಾಮೂಲಿ ಜೋಡಿಯೇ. ವೈ ತನ್ನ ಹಳೆಯ ಜೀನ್‌ಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಉಳಿಸಿಕೊಂಡಿದೆ. ಹಾಗಾದರೆ ಮುಂದೆ ಅದು ಮಾಯವೇ ಆಗುತ್ತದಾ? 2012ರಲ್ಲಿ ರೀಸಸ್ ಕೋತಿಯ ವೈಯನ್ನು ನಮ್ಮದರ ಪಕ್ಕ ಇಟ್ಟು ನೋಡಿದರು. ಇಬ್ಬರೂ ಬೇರೆಯಾಗಿ ಸುಮಾರು 2.5 ಕೋಟಿ ವರ್ಷ. ಅಷ್ಟು ಕಾಲದಲ್ಲಿ ನಮ್ಮ ವೈ ಕಳೆದುಕೊಂಡ ಹಳೆಯ ಜೀನ್ ಒಂದೇ ಒಂದು! ಶುರುವಿನಲ್ಲಿ ಸರಸರ ಸೋರಿತು, ಆಮೇಲೆ ನಿಂತಿತು.

ನಿಂತದ್ದು ಎಲ್ಲಿ? 2014ರಲ್ಲಿ ಮನುಷ್ಯ, ಚಿಂಪಾಂಜಿ, ರೀಸಸ್, ಮಾರ್ಮೊಸೆಟ್, ಎರಡು ಜಾತಿ ಇಲಿ, ಗೂಳಿ, ಒಪೋಸಮ್ ಹೀಗೆ ಎಂಟು ಪ್ರಾಣಿಗಳ ವೈ ಹೋಲಿಸಿದರು. ಬೇರೆ ಬೇರೆ ಪ್ರಾಣಿಗಳಲ್ಲಿ ಮತ್ತೆ ಮತ್ತೆ ಉಳಿದ ಹಳೆಯ ಜೀನ್‌ಗಳು ಬರೀ ವೃಷಣದವಲ್ಲ. ಹೃದಯ, ರಕ್ತ, ಶ್ವಾಸಕೋಶ, ಎಲ್ಲ ಕಡೆ ಕೆಲಸ ಮಾಡುವ, ಬೇರೆ ಜೀನ್‌ಗಳನ್ನು ಆಳುವ ಯಜಮಾನರು ಅವು. ಇವುಗಳ ಜೋಡಿ ಎಕ್ಸ್ ಮೇಲಿದೆ, ಮತ್ತು ಹೆಣ್ಣಿನಲ್ಲಿ ಒಂದು ಎಕ್ಸ್ ಕೆಲಸ ನಿಲ್ಲಿಸಿ ಮುಚ್ಚಿಕೊಂಡಾಗಲೂ ಈ ಜೀನ್‌ಗಳು ಸಾಮಾನ್ಯವಾಗಿ ತೆರೆದೇ ಇರುತ್ತವೆ. ಅಂದರೆ ಗಂಡಾಗಲಿ ಹೆಣ್ಣಾಗಲಿ, ಎರಡು ಪ್ರತಿ ಬೇಕೇ ಬೇಕು.

ಇಲ್ಲಿ ನನ್ನ ಹಳೆಯ ಗೊಂದಲ ಒಂದು ಬಗೆಹರಿಯಿತು. ಟರ್ನರ್ ಸಿಂಡ್ರೋಮ್ ಇರುವ ಹೆಂಗಸರಲ್ಲಿ ಇರುವುದು ಒಂದೇ ಎಕ್ಸ್. ಹೇಗೂ ಎಲ್ಲ ಹೆಂಗಸರಲ್ಲೂ ಒಂದು ಎಕ್ಸ್ ಮುಚ್ಚಿರುತ್ತದೆ, ಮತ್ತೆ ತೊಂದರೆ ಯಾಕೆ? ಮುಚ್ಚದೆ ಉಳಿಯುವ ಈ ಜೀನ್‌ಗಳು ಅವರಲ್ಲಿ ಒಂದೇ ಪ್ರತಿಯಲ್ಲಿರುವುದು ಮುಖ್ಯ ಕಾರಣ ಅಂತ ಈ ಹೋಲಿಕೆ ತೋರಿಸುತ್ತದೆ.

ಇಲಿಯ ವೈ ಕಥೆಯೇ ಬೇರೆ. ಸುಮಾರು 5 ಲಕ್ಷ ಅಕ್ಷರಗಳ ಒಂದು ತುಂಡು ಅಲ್ಲಿ ಹೆಚ್ಚುಕಡಿಮೆ 200 ಸಲ ಬಂದಿದೆ. ಯಾಕೆಂದರೆ ಎಕ್ಸ್ ಮೇಲಿನ ಎಸ್‌ಎಲ್‌ಎಕ್ಸ್ ಮತ್ತು ವೈ ಮೇಲಿನ ಎಸ್‌ಎಲ್‌ವೈ ಜೀನ್‌ಗಳ ನಡುವೆ ಜಿದ್ದು. ಎಸ್‌ಎಲ್‌ವೈ ಕುಗ್ಗಿಸಿದರೆ ಹೆಣ್ಣುಮರಿ ಜಾಸ್ತಿ, ಎಸ್‌ಎಲ್‌ಎಕ್ಸ್ ಕುಗ್ಗಿಸಿದರೆ ಗಂಡುಮರಿ ಜಾಸ್ತಿ. ಒಂದು ಕಡೆ ಪ್ರತಿ ಹೆಚ್ಚಿದರೆ ಇನ್ನೊಂದು ಕಡೆಯೂ ಹೆಚ್ಚಲೇಬೇಕು.

ರಕ್ತದಲ್ಲಿ ವೈ ಇಲ್ಲದ ಗಂಡಸರೂ ಇದ್ದಾರೆ. ವಯಸ್ಸಾದಂತೆ ಕೆಲವು ರಕ್ತಕಣಗಳು ವೈಯನ್ನು ಬಿಟ್ಟುಬಿಡುತ್ತವೆ. ಬ್ರಿಟನ್ನಿನ ದೊಡ್ಡ ಸಮೀಕ್ಷೆಯೊಂದರಲ್ಲಿ 70ರ ವಯಸ್ಸಿನ ಸುಮಾರು 40 ಶೇಕಡಾ ಗಂಡಸರಲ್ಲಿ ಇದು ಕಂಡಿತು. 2022ರಲ್ಲಿ ಇಲಿಗಳ ಅಸ್ಥಿಮಜ್ಜೆಯ ಕಣಗಳಿಂದ ವೈ ತೆಗೆದು ನೋಡಿದಾಗ ಹೃದಯದಲ್ಲಿ ಗಾಯದಂಥ ನಾರು ಬೆಳೆದು, ಅದರ ಬಲ ಕುಂದಿತು. ‘ವೈ ಅಂದರೆ ಬರೀ ಗಂಡಸುತನ’ ಅನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಇದರ ತಿರುವುಮುರುವು ನಮ್ಮ ಕೊಟ್ಟಿಗೆಯಲ್ಲೇ ಇತ್ತು, ರಕ್ತದಲ್ಲಿ ವೈ ಇರುವ ಹೆಣ್ಣುಗರು. ಗಂಡು, ಹೆಣ್ಣು ಅವಳಿ ಹುಟ್ಟಿದಾಗ ಅಜ್ಜಿ ನೋಡಿ, “ಇದು ಗಬ್ಬ ಕಟ್ಟಲ್ಲ ಕಣೋ” ಅಂದಿದ್ದರು. ಅಜ್ಜಿ ಹೇಳಿದ್ದು ಸರಿ. ಹೊಟ್ಟೆಯಲ್ಲಿರುವಾಗ ಎರಡು ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡುಗರುವಿನ ಹಾರ್ಮೋನ್ ಈ ಕಡೆ ಹರಿದು ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಅದರ ರಕ್ತ ಹುಟ್ಟಿಸುವ ಕಣಗಳೂ ಬಂದು ನೆಲೆಸುತ್ತವೆ. ಇಂಥ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಗೊಡ್ಡು.

ಪರೀಕ್ಷೆ ಮಾಡುವುದು ಹೇಗೆ ಗೊತ್ತಾ? ಹಲ್ಲಿನ ಹೊಳಪಿನ ಪದರಕ್ಕೆ ಬೇಕಾದ ಅಮೆಲೋಜೆನಿನ್ ಜೀನ್ ದನಗಳಲ್ಲಿ ಎಕ್ಸ್ ಮೇಲೂ ಇದೆ, ವೈ ಮೇಲೂ ಇದೆ. ವೈ ಮೇಲಿನದರಲ್ಲಿ 63 ಅಕ್ಷರ ಕಡಿಮೆ. ರಕ್ತದ ಡಿಎನ್‌ಎಯಲ್ಲಿ ಆ ಭಾಗದ ಪ್ರತಿಗಳನ್ನು ಪಿಸಿಆರ್ ವಿಧಾನದಿಂದ ಹೆಚ್ಚಿಸಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ, ಮಾಮೂಲಿ ಹೆಣ್ಣುಗರುವಿಗೆ ಒಂದೇ ಗೆರೆ ಬರಬೇಕು. ನಮ್ಮ ಕರುವಿನ ಜೆಲ್‌ನಲ್ಲಿ ಎರಡು ಗೆರೆ ಇದ್ದವು. ಕೆಳಗಿನದು, ಅಂದರೆ ವೈನ ಚಿಕ್ಕ ತುಂಡಿನದು, ಸ್ವಲ್ಪ ಮಸುಕು.